ಕೇಬಲ್ ಬೇಡ, ಆಪರೇಷನ್ ಥಿಯೇಟರ್ ಬೇಕು

‘ಮೈ 600-ಎಲ್‌ಬಿ ಲೈಫ್’ ಅನ್ನುವುದು ವಿಪರೀತ ತೂಕದವರಿಗೆ ಡಾಕ್ಟರೊಬ್ಬರು ಆಪರೇಷನ್ ಮಾಡುವುದನ್ನು ತೋರಿಸುವ, ಅಮೆರಿಕದ ಟಿಎಲ್‌ಸಿ ಚಾನೆಲ್‌ನ ಕಾರ್ಯಕ್ರಮ. ಅದನ್ನು ಕೇಬಲ್ ಇಲ್ಲದೆ ನೋಡೋದು ಹೇಗೆ ಅಂತ ಕಲಬುರಗಿಯಲ್ಲಿ ಕೂತು ಫೋನಿನಲ್ಲಿ ಹುಡುಕಿ ನೋಡಿ. ಸ್ಲಿಂಗ್, ಫೈಲೊ, ಡೈರೆಕ್‌ಟಿವಿ ಸ್ಟ್ರೀಮ್ ಅಂತ ಇಂಟರ್‌ನೆಟ್‌ನಲ್ಲಿ ಟಿವಿ ತೋರಿಸುವ ಸೇವೆಗಳ ಹೆಸರುಗಳು ಸಾಲಾಗಿ ಬರುತ್ತವೆ. ಯಾವುದಕ್ಕೆ ಎಷ್ಟು ಡಾಲರ್, ಯಾವುದು ಅಗ್ಗ, ಎಲ್ಲ ವಿವರ ಇರುತ್ತದೆ. ತೊಂದರೆ ಏನೆಂದರೆ ಇವೆಲ್ಲ ಅಮೆರಿಕದಲ್ಲಿ ಇರುವವರಿಗೆ. ಕಲಬುರಗಿಯಲ್ಲಿ ನಿಂತು ತೆರೆದರೆ ನಿಮ್ಮ ಪ್ರದೇಶದಲ್ಲಿ ಈ ಸೇವೆ ಇಲ್ಲ ಅಂತ ಹೇಳಿ ಸುಮ್ಮನಾಗುತ್ತವೆ.

ಅಲ್ಲಿ ಕೇಬಲ್ ಬಿಲ್ಲು ತಿಂಗಳಿಗೆ ನಮ್ಮ ಲೆಕ್ಕದಲ್ಲಿ ಸಾವಿರಾರು ರೂಪಾಯಿ. ಅದರಿಂದ ಬಿಡಿಸಿಕೊಳ್ಳುವುದೇ ಅವರ ಚಿಂತೆ, ಹಾಗಾಗಿ ಲೇಖನಗಳೂ ಅದರ ಬಗ್ಗೆಯೇ. ನಮ್ಮ ಚಿಂತೆ ಬೇರೆ. ಇಲ್ಲಿ ಕೇಬಲ್ ಅಷ್ಟೇನೂ ದುಬಾರಿ ಅಲ್ಲ. ಆದರೆ ನೋಡುವುದು ಒಂದೋ ಎರಡೋ ಕಾರ್ಯಕ್ರಮ, ಅದಕ್ಕೆ ಮುನ್ನೂರು ಚಾನೆಲ್ ಯಾಕೆ ಅನ್ನುವವರು ಇದ್ದಾರೆ. ಬಾಡಿಗೆ ರೂಮಿನಲ್ಲಿ ಇರುವ ಮೆಡಿಕಲ್ ಕಾಲೇಜಿನ ಹುಡುಗರು ಇದ್ದಾರೆ, ಅವರ ಹತ್ತಿರ ಟಿವಿಯೇ ಇಲ್ಲ. ಶಹಾಪುರದಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ. ಕೇಬಲ್ ತೆಗೆಸಿ ವರ್ಷಗಳಾದವು, ಆದರೆ ಈ ಕಾರ್ಯಕ್ರಮದ ಅಮೆರಿಕದ ಡಾಕ್ಟರ್ ನೌಜರದಾನ್ ಅವರನ್ನು ಬಿಟ್ಟಿರಲು ಅವಳಿಗೆ ಆಗುವುದಿಲ್ಲ. “ಆ ಮುದುಕ ಡಾಕ್ಟರ್ ಬೈಯೂದ ಕೇಳಬೇಕ ನೋಡು. ಒಂದ್ ಮಾತೂ ಬಿಡಂಗಿಲ್ಲ” ಅನ್ನುತ್ತಾಳೆ.

ಇಂಥವರಿಗೆ ಉತ್ತರ ಹುಡುಕುವಾಗ ಎರಡು ವಿಷಯ ಬೇರೆ ಬೇರೆ ಮಾಡಿಕೊಳ್ಳಬೇಕು. ಕಾರ್ಯಕ್ರಮ ಯಾವ ದಾರಿಯಲ್ಲಿ ಮನೆಗೆ ಬರುತ್ತದೆ ಅನ್ನುವುದು ಒಂದು. ಕೇಬಲ್, ಡಿಶ್, ಇಂಟರ್‌ನೆಟ್ ಎಲ್ಲ ಅದರಲ್ಲಿ ಬರುತ್ತವೆ. ಆ ಕಾರ್ಯಕ್ರಮವನ್ನು ನಮ್ಮ ದೇಶದಲ್ಲಿ ತೋರಿಸುವ ಹಕ್ಕು ಯಾರ ಕೈಯಲ್ಲಿದೆ ಅನ್ನುವುದು ಇನ್ನೊಂದು. ಎಲ್ಲರೂ ಮೊದಲನೆಯದನ್ನೇ ಕೇಳುತ್ತಾರೆ. ಕೆಲಸ ಕೆಡುವುದು ಎರಡನೆಯದರಲ್ಲಿ.

ಹಕ್ಕಿನ ವ್ಯವಹಾರ ಮಾವಿನ ಗಿಡದ ಫಸಲನ್ನು ಗುತ್ತಿಗೆ ಕೊಟ್ಟ ಹಾಗೆ. ಗಿಡ ಒಬ್ಬನದು, ಈ ವರ್ಷದ ಕಾಯಿ ಮಾರುವವನು ಇನ್ನೊಬ್ಬ, ಮುಂದಿನ ವರ್ಷ ಮತ್ತೊಬ್ಬ. ಒಂದೇ ಕಾರ್ಯಕ್ರಮ ಅಮೆರಿಕದಲ್ಲಿ ಒಂದು ಆ್ಯಪಿನಲ್ಲಿ, ಬ್ರಿಟನ್ನಿನಲ್ಲಿ ಇನ್ನೊಂದರಲ್ಲಿ, ನಮ್ಮಲ್ಲಿ ಮೂರನೆಯದರಲ್ಲಿ ಸಿಗಬಹುದು. ಎಲ್ಲೂ ಸಿಗದೆಯೂ ಇರಬಹುದು. ನೀವು ಯಾವ ದೇಶದಲ್ಲಿ ಕೂತಿದ್ದೀರಿ ಅನ್ನುವುದು ಆ್ಯಪಿಗೆ ನಿಮ್ಮ ಇಂಟರ್‌ನೆಟ್‌ನ ಐಪಿ ವಿಳಾಸದಿಂದ ಗೊತ್ತಾಗುತ್ತದೆ. ಅದನ್ನು ನೋಡಿಯೇ ಬಾಗಿಲು ತೆಗೆಯಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತದೆ.

ಇಂಥ ಆಸ್ಪತ್ರೆಯ ಕಾರ್ಯಕ್ರಮಗಳ ಮೂರ್ನಾಲ್ಕು ಉದಾಹರಣೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. ನ್ಯೂಯಾರ್ಕಿನ ಆಸ್ಪತ್ರೆಯೊಂದರ ನಾಲ್ವರು ವೈದ್ಯರ ಹಿಂದೆ ಕ್ಯಾಮೆರಾ ಹಿಡಿದು ತೆಗೆದ ‘ಲೆನಾಕ್ಸ್ ಹಿಲ್’ 2020ರಲ್ಲಿ ಬಂತು. ಅದು ನೆಟ್‌ಫ್ಲಿಕ್ಸ್‌ನದೇ ಸ್ವಂತ ಕಾರ್ಯಕ್ರಮ. ಹಾಗಾಗಿ ನ್ಯೂಯಾರ್ಕಿನಲ್ಲಿ ಕಾಣುವುದು ಯಾದಗಿರಿಯಲ್ಲೂ ಕಾಣುತ್ತದೆ, ಗಡಿಯ ತಕರಾರು ಇಲ್ಲ. ‘24 ಅವರ್ಸ್ ಇನ್ ಎ ಆ್ಯಂಡ್ ಇ’ ಅನ್ನುವುದು 2011ರಲ್ಲಿ ಬ್ರಿಟನ್ನಿನ ಚಾನೆಲ್ 4 ಶುರು ಮಾಡಿದ್ದು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ತುರ್ತು ವಿಭಾಗದ ಗೋಡೆಗಳಿಗೆ 70 ಕ್ಯಾಮೆರಾ ಕೂರಿಸಿ, ಹಗಲು ರಾತ್ರಿ ನಡೆದದ್ದನ್ನು ಹಿಡಿದರು. ನನಗೆ ಕೇಳಿದರೆ ಈ ಜಾತಿಯ ಕಾರ್ಯಕ್ರಮಗಳಲ್ಲಿ ಇದೇ ಎಲ್ಲಕ್ಕಿಂತ ಮೇಲು. ಆದರೆ ಆ ಚಾನೆಲ್‌ನ ಆ್ಯಪ್ ಬ್ರಿಟನ್ನಿನವರಿಗೆ. ನಮಗೆ ಸಿಗುವುದು ಹೆಚ್ಚಾಗಿ ಯೂಟ್ಯೂಬಿನಲ್ಲಿ ಅವರು ಹಾಕುವ ತುಣುಕುಗಳು.

ಚರ್ಮದ ಗಂಟು, ಕುರು ತೆಗೆಯುವ ಡಾಕ್ಟರ್ ಸಾಂಡ್ರಾ ಲೀ ಅವರ ಕಥೆ ಇನ್ನೂ ಮಜಾ. ಅವರ ‘ಡಾ. ಪಿಂಪಲ್ ಪಾಪರ್’ 2018ರಿಂದ ಟಿಎಲ್‌ಸಿ ಚಾನೆಲ್‌ನಲ್ಲಿ ಬರುತ್ತಿತ್ತು. 2025ರಲ್ಲಿ ಅವರು ಲೈಫ್‌ಟೈಮ್ ಅನ್ನುವ ಬೇರೆ ಚಾನೆಲ್‌ಗೆ ಹೊಸ ಸರಣಿ ಮಾಡಿದರು. ಡಾಕ್ಟರ್ ಅವರೇ, ಗಂಟುಗಳೂ ಅವೇ, ಆದರೆ ಹಕ್ಕು ಮಾತ್ರ ಬೇರೆಯವರ ಕೈಗೆ ಹೋಯಿತು. ಹಳೆಯ ಕಂತು ಇದ್ದ ಆ್ಯಪಿನಲ್ಲಿ ಹೊಸದು ಯಾಕೆ ಇಲ್ಲ ಅಂತ ತಲೆ ಕೆರೆದುಕೊಳ್ಳುವವರಿಗೆ ಕಾರಣ ಇದು.

ಈ ಟಿಎಲ್‌ಸಿ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಕಲಬುರಗಿಗೂ ಅದಕ್ಕೂ ಒಂದು ಹಳೆಯ ನಂಟಿದೆ. ಈ ಚಾನೆಲ್ ಹುಟ್ಟಿದ್ದು ಮನರಂಜನೆಗೆ ಅಲ್ಲ. 1970ರ ದಶಕದಲ್ಲಿ ಅಮೆರಿಕದ ಆಪಲೇಚಿಯ ಅನ್ನುವ ಗುಡ್ಡಗಾಡು ಪ್ರದೇಶದ ಬಡವರಿಗೆ ಟಿವಿ ಮೂಲಕ ಪಾಠ ಮುಟ್ಟಿಸಲು ಸರ್ಕಾರ ಮತ್ತು ನಾಸಾ ಸೇರಿ ಒಂದು ಪ್ರಯೋಗ ಮಾಡಿದವು. ಅದು ಬೆಳೆದು, 1980ರಲ್ಲಿ ಖಾಸಗಿಯಾಗಿ, ದಿ ಲರ್ನಿಂಗ್ ಚಾನೆಲ್ ಅನ್ನುವ ಹೆಸರು ಪಡೆಯಿತು. ಟಿಎಲ್‌ಸಿ ಅಂದರೆ ಅದೇ. 1991ರಲ್ಲಿ ಡಿಸ್ಕವರಿ ಕೊಂಡುಕೊಂಡಿತು.

ಆ ಗುಡ್ಡಗಾಡಿನ ಪ್ರಯೋಗಕ್ಕೆ ಬಳಸಿದ್ದು 1974ರ ಮೇ ತಿಂಗಳಲ್ಲಿ ಹಾರಿಸಿದ ಎಟಿಎಸ್-6 ಉಪಗ್ರಹ. ಮರುವರ್ಷ ನಾಸಾ ಅದನ್ನು ಆಕಾಶದಲ್ಲೇ ಪೂರ್ವಕ್ಕೆ ಸರಿಸಿ ಭಾರತಕ್ಕೆ ಒಂದು ವರ್ಷ ಬಳಸಲು ಕೊಟ್ಟಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಈ ಪ್ರಯೋಗಕ್ಕೆ ಸೈಟ್ ಅಂತ ಹೆಸರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯಲ್ಲೇ ಇತ್ತು. ಕೋಳಿಗೂಡಿಗೆ ಹಾಕುವ ತಂತಿ ಜಾಲರಿಯಿಂದ ಮಾಡಿದ, ಮೂರು ಮೀಟರ್ ಅಗಲದ ದೊಡ್ಡ ಡಿಶ್. ಊರಿಗೊಂದು ಟಿವಿ. ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆಯ ಕಾರ್ಯಕ್ರಮ. ಕನ್ನಡದ್ದು ಹೈದರಾಬಾದಿನಲ್ಲಿ ತಯಾರಾಗುತ್ತಿತ್ತು.

ಅಂದರೆ ಬೆಂಗಳೂರಿನ ಮನೆಗಳಿಗೆ ದೂರದರ್ಶನ ಬರುವ ಮುಂಚೆಯೇ ನಮ್ಮ ಭಾಗದ ಹಳ್ಳಿಗಳು ಆಕಾಶದಿಂದ ನೇರವಾಗಿ ಟಿವಿ ನೋಡಿದ್ದವು. ಕೇಬಲ್ ಅನ್ನುವುದು ಆಗ ದೇಶದಲ್ಲೇ ಗೊತ್ತಿರಲಿಲ್ಲ. ಆರೋಗ್ಯದ ಕಾರ್ಯಕ್ರಮವನ್ನು ಕೇಬಲ್ ಇಲ್ಲದೆ ನೋಡುವುದು ನಮಗೆ ಐವತ್ತು ವರ್ಷದ ಹಳೇ ರೂಢಿ, ಅಲ್ವಾ?

ಆಮೇಲೆ ಗುಲಬರ್ಗಾದಲ್ಲಿ ದೂರದರ್ಶನದ ಟ್ರಾನ್ಸ್‌ಮಿಟರ್ ಬಂತು, ಮನೆ ಮಾಳಿಗೆ ಮೇಲೆ ಆಂಟೆನಾ ಬಂದವು. ಆ ದಾರಿ ಈಗ ಮುಚ್ಚಿದೆ. ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ದೇಶದ ತುಂಬ ಹಂತ ಹಂತವಾಗಿ ನಿಲ್ಲಿಸಿದರು. 2021ರಲ್ಲಿ ಕಲಬುರಗಿ ಕೇಂದ್ರವೇ ಮುಚ್ಚುತ್ತದೆ ಅಂತ ಸುದ್ದಿ ಹಬ್ಬಿತ್ತು. ನಿಲ್ಲುವುದು ಟ್ರಾನ್ಸ್‌ಮಿಟರ್ ಮಾತ್ರ, ಕಾರ್ಯಕ್ರಮ ತಯಾರಿಕೆ ಮುಂದುವರಿಯುತ್ತದೆ ಅಂತ ದೂರದರ್ಶನ ನಡೆಸುವ ಪ್ರಸಾರ ಭಾರತಿ ಸ್ಪಷ್ಟನೆ ಕೊಡಬೇಕಾಯಿತು. ಮಾಳಿಗೆ ಮೇಲಿನ ಹಳೇ ಆಂಟೆನಾ ಈಗ ಬಟ್ಟೆ ಒಣಹಾಕಲು ಸರಿ.

ಉಳಿದ ದಾರಿಗಳಲ್ಲಿ ತಿಂಗಳ ಬಾಡಿಗೆ ಇಲ್ಲದ್ದು ಡಿಡಿ ಫ್ರೀ ಡಿಶ್. ಒಮ್ಮೆ ಡಿಶ್ಶು, ಬಾಕ್ಸು ಕೊಂಡರೆ ಮುಗಿಯಿತು. 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ, ನಮ್ಮ ಊರುಗಳಲ್ಲಿ ಡಿಶ್ ಮುಖ ಆಗ್ನೇಯಕ್ಕೆ ತಿರುಗಿರಬೇಕು. ಚಂದನ ನೋಡಲು ಇದು ಚೆನ್ನ. ಆದರೆ ಟಿಎಲ್‌ಸಿಯಂಥ ಪೇ ಚಾನೆಲ್ ಇದರಲ್ಲಿ ಬರುವುದಿಲ್ಲ. ಅಂಗಡಿಯವರು ‘ಎಲ್ಲಾ ಬರ್ತದ’ ಅಂದರೆ ಅಲ್ಲೇ ಹಚ್ಚಿಸಿ ತೋರಿಸಲು ಹೇಳಿ. ಪ್ರಸಾರ ಭಾರತಿಯವರು 2024ರ ನವೆಂಬರ್‌ನಲ್ಲಿ ವೇವ್ಸ್ ಅನ್ನುವ ಆ್ಯಪನ್ನೂ ಬಿಟ್ಟಿದ್ದಾರೆ. ದೂರದರ್ಶನದ ಚಾನೆಲ್‌ಗಳು ಫೋನಿನಲ್ಲೇ ಬರುತ್ತವೆ.

ಇನ್ನು ಡಿಟಿಎಚ್. ಇದೂ ಕೇಬಲ್ ಅಲ್ಲ, ಮಾಳಿಗೆ ಮೇಲಿನ ಡಿಶ್. ಮಳೆ ಜೋರಾದಾಗ ಚಿತ್ರ ಹೋಗುತ್ತದೆ ಅನ್ನುವುದು ಬಿಟ್ಟರೆ ಕಿರಿಕಿರಿ ಕಡಿಮೆ. ಇಲ್ಲಿ ತುಂಬ ಜನರಿಗೆ ಗೊತ್ತಿಲ್ಲದ ಒಂದು ಅನುಕೂಲ ಇದೆ. ಫೋನ್, ಟಿವಿ ಸೇವೆಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್. 2019ರ ಫೆಬ್ರವರಿಯಿಂದ ಜಾರಿಯಾದ ಅದರ ನಿಯಮದ ಪ್ರಕಾರ ಪೇ ಚಾನೆಲ್‌ಗಳನ್ನು ಪ್ಯಾಕ್ ತಗೊಳ್ಳದೆ ಬಿಡಿಯಾಗಿಯೂ ತಗೊಳ್ಳಬಹುದು. ನೆಟ್‌ವರ್ಕ್ ಶುಲ್ಕ ಒಂದು ಕಟ್ಟಿ, ಅದರ ಮೇಲೆ ನಿಮಗೆ ಬೇಕಾದ ಒಂದೇ ಚಾನೆಲ್‌ನ ದರ ಸೇರಿಸಿದರೆ ಸಾಕು. ಯಾವ ಚಾನೆಲ್‌ಗೆ ಎಷ್ಟು ಅಂತ ಟಿವಿಯಲ್ಲಿ 999 ಒತ್ತಿದರೆ ಕಾಣಬೇಕು, ಅದೂ ಟ್ರಾಯ್ ನಿಯಮವೇ. ಈ ನಿಯಮ ಕೇಬಲ್‌ಗೂ ಅನ್ವಯ. ಪ್ಯಾಕ್ ಮಾರಿದರೆ ಅವರಿಗೆ ಲಾಭ, ಆದ್ದರಿಂದ ಬಿಡಿ ಚಾನೆಲ್ ವಿಷಯ ಅವರಾಗಿಯೇ ಎತ್ತುವುದಿಲ್ಲ. ನೀವೇ ಕೇಳಬೇಕು. ಒಂದೇ ಚಾನೆಲ್ ಮೇಲೆ ಆಸೆ ಇದ್ದವರಿಗೆ ಇದು ಕೆಲವು ಸಲ ಆ್ಯಪಿಗಿಂತ ಅಗ್ಗ ಬೀಳಬಹುದು. ಕೇಬಲ್ ಇಲ್ಲದೆ ನೋಡುವ ಬಗ್ಗೆ ಬರೆಯುತ್ತ ಕೇಬಲ್ ಪರವಾಗಿ ಒಂದು ಮಾತು ಹೇಳಿದ ಹಾಗಾಯಿತು, ಇರಲಿ.

ಇಂಟರ್‌ನೆಟ್ ದಾರಿಗೆ ಬಂದರೆ, ಡಿಸ್ಕವರಿಯವರ ಸ್ವಂತ ಆ್ಯಪ್ ಡಿಸ್ಕವರಿ ಪ್ಲಸ್ 2020ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು. ಟಿಎಲ್‌ಸಿಯ ಕಾರ್ಯಕ್ರಮಗಳನ್ನು ಮೊದಲು ಹುಡುಕಬೇಕಾದದ್ದು ಅಲ್ಲಿ. ಹಣ ಕಟ್ಟುವ ಮುಂಚೆ ಆ್ಯಪ್ ಇಳಿಸಿಕೊಂಡು ಕಾರ್ಯಕ್ರಮದ ಹೆಸರನ್ನು ಹುಡುಕಿ. ಬರೀ ಹೆಸರು ಕಂಡರೆ ಸಾಲದು, ಎಷ್ಟು ಸೀಸನ್ ಇದೆ, ಯಾವ ಭಾಷೆಯಲ್ಲಿ ಇದೆ ನೋಡಿ. ನಮ್ಮ ಕಡೆ ಹಿಂದಿ, ಉರ್ದು ಕಿವಿಗೆ ಹೊಸದಲ್ಲ. ಹಿಂದಿ ಧ್ವನಿ ಇದ್ದರೆ ಮನೆಮಂದಿಯೆಲ್ಲ ನೋಡಬಹುದು. ದೊಡ್ಡವ್ವ ಇಂಗ್ಲಿಷಿನಲ್ಲೇ ನೋಡುತ್ತಾಳೆ. ಡಾಕ್ಟರ್ ಮುಖ, ತೂಕದ ಯಂತ್ರ, ಪೇಷಂಟಿನ ಅಳು, ಇಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯುತ್ತದೆ.

ಒಂದು ರೂಪಾಯಿ ಖರ್ಚಿಲ್ಲದೆ ರುಚಿ ನೋಡಬೇಕೆಂದರೆ ಯೂಟ್ಯೂಬ್. ಟಿಎಲ್‌ಸಿಯವರು ತಮ್ಮದೇ ಚಾನೆಲ್‌ನಲ್ಲಿ ಉದ್ದುದ್ದ ತುಣುಕುಗಳನ್ನು ಹಾಕುತ್ತಾರೆ. ಸಾಂಡ್ರಾ ಲೀ ಅವರಂತೂ ಟಿವಿಗೆ ಬರುವ ಮುಂಚೆಯೇ ಇಂಟರ್‌ನೆಟ್‌ನಲ್ಲಿ ವಿಡಿಯೊ ಹಾಕಿ ಹೆಸರಾದವರು. ಅಧಿಕೃತ ಚಾನೆಲ್ ಹೌದೋ ಅಲ್ಲವೋ ನೋಡಿಕೊಳ್ಳಿ. ಕದ್ದು ಹಾಕಿದ ಕಂತಿನಲ್ಲಿ ಚಿತ್ರ ತಿರುಗುಮುರುಗಾಗಿರುತ್ತದೆ, ಧ್ವನಿ ಕೀಚಲಾಗಿರುತ್ತದೆ. ಹಕ್ಕುದಾರರ ಯಂತ್ರದ ಕಣ್ಣು ತಪ್ಪಿಸಲು ಹಾಗೆ ಮಾಡಿರುತ್ತಾರೆ.

ಈಗ ಡೇಟಾ ಲೆಕ್ಕ. ನೆಟ್‌ಫ್ಲಿಕ್ಸ್‌ನವರೇ ಹೇಳುವ ಪ್ರಕಾರ ಸಾಧಾರಣ ಗುಣಮಟ್ಟಕ್ಕೆ ಗಂಟೆಗೆ 0.7 ಜಿಬಿ, ಎಚ್‌ಡಿಗೆ 3 ಜಿಬಿವರೆಗೆ, 4ಕೆಗೆ 7 ಜಿಬಿವರೆಗೆ ಬೇಕಾಗುತ್ತದೆ. 600 ಪೌಂಡಿನ ಕಾರ್ಯಕ್ರಮದ ಕಂತು ಒಂದೂವರೆ ಗಂಟೆಯ ಆಸುಪಾಸು. ಸಾಧಾರಣದಲ್ಲಿ ನೋಡಿದರೆ ಒಂದು ಜಿಬಿ, ಎಚ್‌ಡಿಯಲ್ಲಾದರೆ ನಾಲ್ಕೂವರೆ. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್ ಇರುವ ಫೋನಿನಲ್ಲಿ ಎಚ್‌ಡಿ ಹಚ್ಚಿದರೆ, ಡಾಕ್ಟರ್ ಚಾಕು ಕೈಗೆ ತಗೊಳ್ಳುವ ಹೊತ್ತಿಗೆ ಡೇಟಾ ಮುಗಿದಿರುತ್ತದೆ. ಆ್ಯಪಿನ ಸೆಟ್ಟಿಂಗ್‌ನಲ್ಲಿ ಗುಣಮಟ್ಟ ಇಳಿಸಿ. ಇಲ್ಲವೇ ವೈಫೈ ಇರುವ ಕಡೆ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಬೇಸಿಗೆಯಲ್ಲಿ ಕರೆಂಟ್ ಕೈಕೊಡುವ ಊರುಗಳಲ್ಲಿ ಡೌನ್‌ಲೋಡ್ ಇದ್ದರೆ ನೆಮ್ಮದಿ.

ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸುವುದಾದರೆ, ಕೆಲವು ಪ್ಲಾನ್‌ಗಳ ಜೊತೆ ಆ್ಯಪ್‌ಗಳೂ ಸೇರಿ ಬರುತ್ತವೆ. ಯಾವ ಆ್ಯಪ್ ಅಂತ ಕೇಳಿ ಬರೆಸಿಕೊಳ್ಳಿ. ತಮಾಷೆ ಅಂದರೆ ಎಷ್ಟೋ ಓಣಿಗಳಲ್ಲಿ ಇಂಟರ್‌ನೆಟ್ ಎಳೆದುಕೊಡುವವರೂ ಅದೇ ಕೇಬಲ್‌ನವರು. ಕೇಬಲ್ ತೆಗೆಸಿ ಬಿಟ್ಟೆ ಅಂದುಕೊಂಡರೆ ಅವರೇ ಫೈಬರ್ ಸುರುಳಿ ಹೊತ್ತು ಮತ್ತೆ ಬಾಗಿಲಿಗೆ ಬರುತ್ತಾರೆ.

ಎಲ್ಲರೂ ಮೋಸ ಹೋಗುವ ಜಾಗ ಇನ್ನೊಂದಿದೆ. ನೆಟ್‌ಫ್ಲಿಕ್ಸ್‌ನ 149 ರೂಪಾಯಿಯ ಮೊಬೈಲ್ ಪ್ಲಾನ್ ಅಗ್ಗ ಅಂತ ತಗೊಳ್ಳುತ್ತಾರೆ. ಅದು ಫೋನು, ಟ್ಯಾಬ್ಲೆಟ್‌ಗೆ ಮಾತ್ರ, ಟಿವಿಗೆ ಹೋಗುವುದಿಲ್ಲ. ಆಮೇಲೆ ಟಿವಿ ಕೆಟ್ಟಿದೆ ಅಂತ ಮೆಕ್ಯಾನಿಕ್‌ನನ್ನು ಕರೆಸುತ್ತಾರೆ.

ಸ್ಮಾರ್ಟ್ ಟಿವಿ ಇದ್ದವರಿಗೆ ಹೆಚ್ಚೇನೂ ಹೇಳುವುದು ಬೇಕಿಲ್ಲ. ಎಚ್‌ಡಿಎಂಐ ತೂತು ಇರುವ ಟಿವಿಗೆ ಆ್ಯಪ್‌ಗಳನ್ನು ಟಿವಿಯಲ್ಲಿ ಓಡಿಸುವ ಒಂದು ಸ್ಟಿಕ್ ಚುಚ್ಚಿದರೆ ಆಯಿತು. ಕಷ್ಟ ಇರುವುದು ಹಳೇ ಡಬ್ಬಾ ಟಿವಿಗೆ. ಅದರ ಹಿಂದೆ ಹಳದಿ, ಬಿಳಿ, ಕೆಂಪು ಮೂರು ತೂತು ಮಾತ್ರ ಇರುತ್ತವೆ, ಅದಕ್ಕೆ ಎವಿ ಅನ್ನುತ್ತಾರೆ. ಅದಕ್ಕೆ ಎಚ್‌ಡಿಎಂಐನಿಂದ ಎವಿಗೆ ಬದಲಿಸುವ ಕನ್ವರ್ಟರ್ ಬೇಕು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು ಇರುತ್ತದೆ. ನೋಡಲು ಹಾಗೇ ಇರುವ ಇನ್ನೊಂದು ಡಬ್ಬಿ ಎವಿಯಿಂದ ಎಚ್‌ಡಿಎಂಐಗೆ ಬದಲಿಸುತ್ತದೆ, ಅದು ನಮಗೆ ಉಪಯೋಗಕ್ಕೆ ಬಾರದು. ಮೇಲೆ ಬರೆದದ್ದನ್ನು ಓದಿಯೇ ತಗೊಳ್ಳಿ. ಸ್ಟಿಕ್ಕಿಗೆ ಒಂದು ಚಾರ್ಜರ್ ಬೇಕು, ಕನ್ವರ್ಟರ್‌ಗೆ ಇನ್ನೊಂದು. ಎರಡನೆಯದನ್ನು ಮರೆತರೆ ಪರದೆ ಕಪ್ಪಗೇ ಇರುತ್ತದೆ. ಎಲ್ಲ ಸರಿಯಾದ ಮೇಲೂ ಅಕ್ಷರ ಮಸುಕಾಗಿ ಕಾಣುತ್ತವೆ. ಸಬ್‌ಟೈಟಲ್ ಓದುವವರಿಗೆ ಅದು ಆಗುವುದಿಲ್ಲ, ದೊಡ್ಡವ್ವನಂಥವರಿಗೆ ನಡೆಯುತ್ತದೆ.

ಇಷ್ಟೆಲ್ಲ ಹುಡುಕಿಯೂ ಸಿಗದಿದ್ದರೆ ಜನ ಹೇಳುವುದು ವಿಪಿಎನ್. ನಿಮ್ಮ ಐಪಿ ವಿಳಾಸವನ್ನು ಬೇರೆ ದೇಶದ್ದು ಅಂತ ತೋರಿಸುವ ಉಪಾಯ ಇದು. ಭಾರತದಲ್ಲಿ ವಿಪಿಎನ್ ಬಳಸುವುದಕ್ಕೆ ಸಾಮಾನ್ಯವಾಗಿ ನಿಷೇಧ ಇಲ್ಲ. ಆದರೆ ಹೀಗೆ ನೋಡುವುದು ಆ್ಯಪ್‌ಗಳ ಷರತ್ತಿಗೆ ವಿರುದ್ಧ. ಜೊತೆಗೆ ಬಹಳಷ್ಟು ಅಮೆರಿಕದ ಸೇವೆಗಳಿಗೆ ಅಲ್ಲಿನ ಕಾರ್ಡೇ ಬೇಕು. ವಿಪಿಎನ್‌ಗೆ ಒಂದು ಬಿಲ್ಲು, ಆ್ಯಪಿಗೆ ಡಾಲರಿನಲ್ಲಿ ಇನ್ನೊಂದು. ಒಂದು ಕಾರ್ಯಕ್ರಮಕ್ಕೆ ಇಷ್ಟು ಒದ್ದಾಟ ನನಗಂತೂ ಬೇಡ ಅನಿಸುತ್ತದೆ. ಪುಕ್ಕಟೆ ವಿಪಿಎನ್ ಆದರೆ ಹತ್ತಿರವೂ ಹೋಗಬೇಡಿ, ನೀವು ಏನೇನು ನೋಡುತ್ತೀರಿ ಅನ್ನುವುದನ್ನೇ ಮಾರಿ ಬದುಕುವವರು ಅವರಲ್ಲಿ ಇದ್ದಾರೆ.

ಅದಕ್ಕಿಂತ ಅಪಾಯ ಟೆಲಿಗ್ರಾಂ, ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ, ಪ್ಲೇಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಎಪಿಕೆ ಫೈಲುಗಳು. ‘ಎಲ್ಲ ಓಟಿಟಿ ಫ್ರೀ’ ಅಂತ ಬರುತ್ತದೆ. ಹಾಕಿಕೊಳ್ಳುವಾಗ ಮೆಸೇಜ್ ಓದಲು ಅನುಮತಿ ಕೇಳುತ್ತದೆ. ಸಿನಿಮಾ ತೋರಿಸುವ ಆ್ಯಪಿಗೆ ನಿಮ್ಮ ಮೆಸೇಜ್ ಯಾಕೆ ಬೇಕು? ಬ್ಯಾಂಕಿನ ಓಟಿಪಿಗೆ. ಹಣ ಹೋಯಿತು ಅಂತ ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ತಡೆಯುವುದು ಕಷ್ಟ.

ಕೊನೆಗೂ ಕಾರ್ಯಕ್ರಮ ಪರದೆ ಮೇಲೆ ಬಂತು ಅಂತ ಇಟ್ಟುಕೊಳ್ಳಿ. 600 ಪೌಂಡ್ ಅಂದರೆ 272 ಕಿಲೊ. ಇಂಥವರಿಗೆ ಹೊಟ್ಟೆಯ ಬಹುಭಾಗವನ್ನು ಕತ್ತರಿಸಿ ತೆಗೆಯುವ ಅಥವಾ ಬೈಪಾಸ್ ಮಾಡುವ ಆಪರೇಷನ್ ಮಾಡುತ್ತಾರೆ. ಅದಕ್ಕೂ ಮುಂಚೆ ತೂಕ ಇಳಿಸಿ ಬಾ ಅಂತ ದಿನಕ್ಕೆ 1,200 ಕ್ಯಾಲೊರಿಯ ಪಥ್ಯ ಕೊಟ್ಟು ಕಳಿಸುತ್ತಾರೆ. ಡಾಕ್ಟರ್ ನೌಜರದಾನ್ ಬೈಯುವುದು ಈ ಪಥ್ಯ ತಪ್ಪಿದಾಗಲೇ. ಅದನ್ನು ನೋಡಿ ಮನೆಯಲ್ಲಿ ಯಾರಾದರೂ ಊಟ ಬಿಡಲು ಶುರು ಮಾಡಿದರೆ, ಅದರಲ್ಲೂ ಶುಗರ್ ಮಾತ್ರೆ ತಗೊಳ್ಳುವವರಾದರೆ, ತಡೆಯಿರಿ. ಆ ಪಥ್ಯ ಡಾಕ್ಟರ ಕಣ್ಣಳತೆಯಲ್ಲಿ ಇರುವ ಪೇಷಂಟಿಗೆ. ಪೇಷಂಟ್ ಅತ್ತದ್ದು, ಕದ್ದು ತಿಂದದ್ದು, ಸೋತದ್ದು ಎಲ್ಲ ತಿಂಗಳುಗಟ್ಟಲೆ ತೆಗೆದ ಚಿತ್ರದಿಂದ ಆರಿಸಿ ಜೋಡಿಸಿದ್ದು ಅನ್ನುವುದೂ ನೆನಪಿರಲಿ. ನಡುವೆ ಏನೂ ಆಗದೆ ಕಳೆದ ದಿನಗಳನ್ನು ಯಾರೂ ತೋರಿಸುವುದಿಲ್ಲ.

ಮಕ್ಕಳಿರುವ ಮನೆಯಲ್ಲಿ ರಕ್ತ, ಕೀವು ಕಾಣುತ್ತದೆ ಅನ್ನುವುದು ಗಮನದಲ್ಲಿರಲಿ. 2021ರ ಐಟಿ ನಿಯಮಗಳ ಪ್ರಕಾರ ಓಟಿಟಿಯವರು ಕಾರ್ಯಕ್ರಮಕ್ಕೆ 7+, 13+, 16+, ವಯಸ್ಕರಿಗೆ ಮಾತ್ರ ಅಂತ ವಯಸ್ಸು ನಮೂದಿಸಬೇಕು. 13+ ಮತ್ತು ಅದಕ್ಕೂ ಮೇಲಿನದಕ್ಕೆ ಲಾಕ್ ಹಾಕುವ ಸೌಲಭ್ಯ ಕೊಡಬೇಕು. ಸೆಟ್ಟಿಂಗ್‌ನಲ್ಲಿ ಒಂದು ಪಿನ್ ಹಾಕಿಡಿ.

ಹಣ ಕಟ್ಟುವಾಗ ವರ್ಷದ ಪ್ಲಾನ್ ಅಗ್ಗ ಅಂತ ತೋರಿಸುತ್ತಾರೆ. ಬರೀ ಒಂದು ಕಾರ್ಯಕ್ರಮಕ್ಕಾಗಿ ಬಂದವರಿಗೆ, ತಿಂಗಳ ಪ್ಲಾನ್ ಇದ್ದರೆ ಅದೇ ಸರಿ. ಯುಪಿಐ ಅಥವಾ ಕಾರ್ಡಿನಲ್ಲಿ ಕಟ್ಟಿದರೆ ಆಟೊಪೇ ತಾನಾಗಿ ಸೇರಿಕೊಳ್ಳುವುದೇ ಹೆಚ್ಚು. ಮತ್ತೆ ಹಣ ಕಡಿಯುವ 24 ಗಂಟೆ ಮುಂಚೆ ನಿಮಗೆ ತಿಳಿಸಬೇಕು ಅನ್ನುವುದು ರಿಸರ್ವ್ ಬ್ಯಾಂಕ್ ನಿಯಮ. ಆ ಮೆಸೇಜು ಜಾಹೀರಾತುಗಳ ನಡುವೆ ಕಳೆದುಹೋಗುತ್ತದೆ. ಆ್ಯಪನ್ನು ಫೋನಿನಿಂದ ತೆಗೆದುಹಾಕಿದರೆ ಆಟೊಪೇ ನಿಲ್ಲುವುದಿಲ್ಲ. ಯುಪಿಐ ಆ್ಯಪ್ ತೆರೆದು, ಆಟೊಪೇ ಅಥವಾ ಮ್ಯಾಂಡೇಟ್ ಅಂತ ಇರುವಲ್ಲಿ ಹೋಗಿ, ಅಲ್ಲಿಂದ ರದ್ದು ಮಾಡಬೇಕು. ಹಣ ಕಟ್ಟಿದ ದಿನವೇ ರದ್ದು ಮಾಡಿದರೂ ಸಾಮಾನ್ಯವಾಗಿ ಆ ತಿಂಗಳು ಪೂರ್ತಿ ನೋಡಲು ಅಡ್ಡಿ ಇರುವುದಿಲ್ಲ.